ಕಡಿಯದೆ ಕಟ್ಟಿ ಹಾಕುವ ಕತ್ತರಿ: ಬ್ಯಾಕ್ಟೀರಿಯಾದ ಕಾವಲುಗಾರ ರೋಗದ ಸ್ವಿಚ್ಚೂ ಆದ ಕಥೆ

ಮಳೆ ಶುರುವಾದರೆ ನಮ್ಮ ಬಿ.ಸಿ.ರೋಡ್ ಕಡೆ ಎರಡು ಸುದ್ದಿ ಇದ್ದೇ ಇರ್ತದೆ. ಒಂದು, ಪಾಣೆಮಂಗಳೂರಿನಲ್ಲಿ ನೇತ್ರಾವತಿ ಎಷ್ಟು ಏರಿತು ಅಂತ. 1974ರ ನೆರೆಯ ಜೊತೆ ಹೋಲಿಸದೆ ಹಿರಿಯರಿಗೆ ಸಮಾಧಾನ ಇಲ್ಲ. ಇನ್ನೊಂದು, ಇಲಿ ಜ್ವರ. ಕಾಲಲ್ಲಿ ಗಾಯ ಇದ್ದರೆ ಗದ್ದೆಗೆ ಇಳಿಯಬೇಡಿ, ತೋಟದ ಕಣಿಯಲ್ಲಿ ಬರಿಗಾಲಲ್ಲಿ ನಡೆಯಬೇಡಿ, ಜ್ವರ ಬಂದರೆ ಮಾತ್ರೆ ನುಂಗಿ ಮನೆಯಲ್ಲೇ ಕೂರಬೇಡಿ ಅಂತ ಮಳೆಗಾಲದಲ್ಲಿ ಮತ್ತೆ ಮತ್ತೆ ಕೇಳ್ತೇವೆ. ಹೇಳುವುದಕ್ಕೆ ಕಾರಣ ಉಂಟು. ತಡ ಮಾಡಿದರೆ ಕಿಡ್ನಿ, ಲಿವರ್ ಎರಡಕ್ಕೂ ಪೆಟ್ಟು ಬೀಳಬಹುದು, ಜೀವವೂ ಹೋಗಬಹುದು.

ಈ ಜ್ವರ ತರುವ ಬ್ಯಾಕ್ಟೀರಿಯಾದ ಹೆಸರು ಲೆಪ್ಟೊಸ್ಪೈರಾ. ತೆಳ್ಳಗಿನ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿದ ಮೈ, ತುದಿಯಲ್ಲಿ ಕೊಕ್ಕೆಯ ಹಾಗೆ ಒಂದು ಬಾಗು. ಇಲಿಯ ಮೂತ್ರದಿಂದ ನೀರಿಗೆ, ನೀರಿನಿಂದ ನಮ್ಮ ಕಾಲಿನ ಗಾಯದೊಳಕ್ಕೆ, ಇದು ಅದರ ದಾರಿ. ಆದರೆ ಲೆಪ್ಟೊಸ್ಪೈರಾ ಕುಟುಂಬದಲ್ಲಿ ಎಲ್ಲರೂ ಕೆಟ್ಟವರಲ್ಲ. ಮಣ್ಣಿನಲ್ಲಿ, ನೀರಿನಲ್ಲಿ ತಮ್ಮ ಪಾಡಿಗೆ ಬದುಕುವ, ಯಾರಿಗೂ ರೋಗ ತಾರದ ದಾಯಾದಿಗಳೂ ಇದ್ದಾರೆ. 2016ರಲ್ಲಿ ವಿಜ್ಞಾನಿಗಳು ಈ ಕುಟುಂಬದ 20 ಪ್ರಭೇದಗಳ ಪೂರ್ತಿ ಜೀನೋಮುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರು. ಅದರಲ್ಲಿ ಕಂಡ ಒಂದು ಸಂಗತಿ ನಮ್ಮನ್ನು ಈ ಲೇಖನಕ್ಕೆ ಹಚ್ಚಿತು. ಕ್ರಿಸ್ಪರ್ ಎಂಬ ರಕ್ಷಣಾ ವ್ಯವಸ್ಥೆ ಇದ್ದದ್ದು ರೋಗ ತರುವ ಗುಂಪಿನಲ್ಲಿ ಮಾತ್ರ. ಸಾಧು ದಾಯಾದಿಗಳಲ್ಲಿ ಅದು ಸಿಗಲೇ ಇಲ್ಲ.

ಯಾಕೆ ಹೀಗೆ? ಕ್ರಿಸ್ಪರ್ ಅಂದರೆ ವೈರಸ್ ಬಂದರೆ ಕಡಿದು ಹಾಕುವ ವ್ಯವಸ್ಥೆ ಅಂತ ನಾವು ಓದಿದ್ದೇವೆ. ವೈರಸ್ ಕಾಟ ಸಾಧುಗಳಿಗೂ ಉಂಟು, ಕೇಡಿಗಳಿಗೂ ಉಂಟು. ಹಾಗಿದ್ದ ಮೇಲೆ ಮನುಷ್ಯನ ಮೈಗೆ ನುಗ್ಗುವವರ ಹತ್ತಿರ ಮಾತ್ರ ಈ ಕತ್ತರಿ ಯಾಕೆ? ಲೆಪ್ಟೊಸ್ಪೈರಾದ ಮಟ್ಟಿಗೆ ಇದು ಇನ್ನೂ ಒಂದು ಸುಳಿವು ಮಾತ್ರ, ಪುರಾವೆ ಅಲ್ಲ. ಆದರೆ ಬೇರೆ ಒಂದು ಬ್ಯಾಕ್ಟೀರಿಯಾದಲ್ಲಿ ಇದೇ ಪ್ರಶ್ನೆಗೆ ಪಕ್ಕಾ ಉತ್ತರ ಸಿಕ್ಕಿದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡುವ.

ಮೊದಲು ಕತ್ತರಿಯ ಪರಿಚಯ

ಬ್ಯಾಕ್ಟೀರಿಯಾಕ್ಕೂ ವೈರಸ್ ತಗಲ್ತದೆ. ಅಂಥ ವೈರಸ್ಸಿಗೆ ಫೇಜ್ ಅಂತ ಹೆಸರು. ಉಳ್ಳಾಲದ ಕಡಲಿನಿಂದ ಒಂದು ಮಿಲಿಲೀಟರ್ ನೀರು ತಂದರೆ ಅದರಲ್ಲಿ ಸುಮಾರು ಒಂದು ಕೋಟಿ ವೈರಸ್ ಕಣಗಳಿರಬಹುದು, ಅದರಲ್ಲಿ ಹೆಚ್ಚಿನವು ಫೇಜ್‌ಗಳೇ. ಇವು ಬ್ಯಾಕ್ಟೀರಿಯಾವನ್ನು ಕೊಲ್ತವೆ ಅನ್ನುವುದನ್ನು ಉಪಯೋಗಕ್ಕೆ ತರಲು ಹೊರಟವರು ನಮ್ಮ ಪಕ್ಕದಲ್ಲೇ ಇದ್ದಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ತಂಡ ಸಿಗಡಿ ಮರಿಗಳನ್ನು ಸಾಯಿಸುವ ವಿಬ್ರಿಯೊ ಹಾರ್ವೆ ಎಂಬ ಬ್ಯಾಕ್ಟೀರಿಯಾದ ಮೇಲೆ ಫೇಜ್‌ಗಳನ್ನು ಬಿಟ್ಟು ನೋಡಿತು. ಮರಿ ಸಾಕುವ ತೊಟ್ಟಿಗಳಲ್ಲಿ ಮಾಮೂಲಿ ಪದ್ಧತಿಗಿಂತ ಹೆಚ್ಚು ಮರಿಗಳು ಉಳಿದವು. 2007ರಲ್ಲಿ ಆ ಕೆಲಸ ಪ್ರಕಟ ಆಯಿತು.

ಫೇಜ್ ಇಷ್ಟು ಕೊಲ್ಲುವಾಗ ಬ್ಯಾಕ್ಟೀರಿಯಾ ಸುಮ್ಮನೆ ಕೂತಿರ್ತದಾ? ಇಲ್ಲ. 1987ರಲ್ಲಿ ಜಪಾನಿನ ಒಸಾಕಾದಲ್ಲಿ ಯೋಶಿಝುಮಿ ಇಶಿನೊ ಅವರ ತಂಡಕ್ಕೆ ಇ. ಕೋಲಿಯ ಡಿಎನ್‌ಎಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರೆದ ಹಾಗೆ ಕಂಡಿತು. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಸ್ಪೇನಿನ ಅಲಿಕಾಂತೆಯಲ್ಲಿ ಫ್ರಾನ್ಸಿಸ್ಕೊ ಮೊಹಿಕಾ ಉಪ್ಪಿನ ಗದ್ದೆಯ ಜೀವಿಗಳಲ್ಲೂ ಅದೇ ಬಗೆಯ ಸಾಲು ಕಂಡು ವರ್ಷಗಟ್ಟಲೆ ಅದರ ಹಿಂದೆ ಬಿದ್ದರು. ಪುನರಾವರ್ತನೆಯ ಸಾಲುಗಳ ನಡುವೆ ಇರುವ ತುಂಡುಗಳು ವೈರಸ್‌ಗಳ ಡಿಎನ್‌ಎಗೆ ಹೊಂದುತ್ತವೆ ಎಂದು ಅವರು 2005ರಲ್ಲಿ ಪ್ರಕಟಿಸಿದರು. ಅಂದ್ರೆ ಅದೊಂದು ಅಪರಾಧಿಗಳ ಫೋಟೋ ಆಲ್ಬಮ್.

ಆಲ್ಬಮ್ ನಿಜವಾಗಿಯೂ ಕೆಲಸ ಮಾಡ್ತದೆ ಎಂದು 2007ರಲ್ಲಿ ತೋರಿಸಿದ್ದು ಮೊಸರಿನವರು. ಡ್ಯಾನಿಸ್ಕೊ ಎಂಬ ಡೆನ್ಮಾರ್ಕಿನ ಕಂಪನಿ ಮೊಸರು, ಚೀಸ್ ಮಾಡುವವರಿಗೆ ಹೆಪ್ಪು ಮಾರ್ತಿತ್ತು. ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಫೇಜ್ ತಗಲಿದರೆ ಟ್ಯಾಂಕುಗಟ್ಟಲೆ ಹಾಲು ಹಾಳು. ರೊಡಾಲ್ಫ್ ಬರಾಂಗೂ, ಫಿಲಿಪ್ ಹೊರ್ವಾಥ್ ಮತ್ತು ಜೊತೆಗಾರರು ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ಎಂಬ ಹೆಪ್ಪಿನ ಬ್ಯಾಕ್ಟೀರಿಯಾದ ಮೇಲೆ ಫೇಜ್ ಬಿಟ್ಟರು. ಬದುಕಿ ಉಳಿದವುಗಳ ಆಲ್ಬಮಿನಲ್ಲಿ ಆ ಫೇಜಿನ ಹೊಸ ಫೋಟೋ ಸೇರಿತ್ತು. ಫೋಟೋ ತೆಗೆದು ಹಾಕಿದರೆ ರಕ್ಷಣೆಯೂ ಹೋಯಿತು.

ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಇದು ಹೊಸತಲ್ಲ, ಆಂಟಿವೈರಸ್ಸಿನ ಸಿಗ್ನೇಚರ್ ಡೇಟಾಬೇಸ್ ಕೂಡ ಇದೇ. ಹಿಂದೆ ಬಂದ ವೈರಸ್ಸಿನ ಒಂದು ತುಂಡನ್ನು ಇಟ್ಟುಕೊಳ್ಳುವುದು, ಹೊಸದಾಗಿ ಬಂದದ್ದನ್ನೆಲ್ಲ ಅದರೊಂದಿಗೆ ತಾಳೆ ನೋಡುವುದು, ಹೊಂದಿದರೆ ಡಿಲೀಟ್. ಕ್ಯಾಸ್9 ಇರುವ ಬ್ಯಾಕ್ಟೀರಿಯಾಗಳಲ್ಲಿ ಈ ಕೆಲಸಕ್ಕೆ ಮೂರು ಜನ ಬೇಕು. ಕ್ಯಾಸ್9 ಎಂಬ ಪ್ರೋಟೀನು ಕತ್ತರಿ. ಸುಮಾರು 20 ಅಕ್ಷರದ ವಿಳಾಸ ಹೊತ್ತ ಸಣ್ಣ ಆರ್‌ಎನ್‌ಎ ಒಂದು ಚೀಟಿ. ಆ ಚೀಟಿಯನ್ನು ಕತ್ತರಿಗೆ ಸಿಕ್ಕಿಸುವ ಟ್ರೇಸರ್ ಆರ್‌ಎನ್‌ಎ ಒಂದು ಕ್ಲಿಪ್ಪು. ಮೂರೂ ಸೇರಿ ಡಿಎನ್‌ಎಯ ಮೇಲೆ ವಿಳಾಸ ಹುಡುಕ್ತವೆ. ವಿಳಾಸದ ಪಕ್ಕದಲ್ಲಿ ಇಂಥದ್ದೇ ಎರಡು-ಮೂರು ಅಕ್ಷರದ ಗುರುತು ಇರಬೇಕು ಎಂಬ ಶರತ್ತೂ ಉಂಟು. ಹೆಚ್ಚಾಗಿ ಅದು ಎರಡು ‘ಜಿ’. ಆಲ್ಬಮಿನೊಳಗಿನ ಫೋಟೋದ ಪಕ್ಕ ಆ ಗುರುತು ಇಲ್ಲದ್ದರಿಂದ ಕತ್ತರಿ ತನ್ನ ಆಲ್ಬಮನ್ನೇ ಕಡಿದುಕೊಳ್ಳುವುದಿಲ್ಲ. 2012ರಲ್ಲಿ ಎಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನ ಈ ಚೀಟಿಯನ್ನು ನಮಗೆ ಬೇಕಾದ ಹಾಗೆ ಬರೆಯಬಹುದು ಎಂದು ತೋರಿಸಿದರು, 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ.

ಹೆಚ್ಚಿನ ಲೇಖನಗಳು ಇಲ್ಲಿಗೆ ನಿಲ್ತವೆ. ನಮಗೆ ಅನಿಸುವ ಪ್ರಕಾರ ನಿಜವಾದ ಸ್ವಾರಸ್ಯ ಇಲ್ಲಿಂದ ಶುರು.

ಹೊಟ್ಟೆಯೊಳಗೆ ಅಡಗಿ ಕೂರುವ ಕಳ್ಳ

ಫ್ರಾನ್ಸಿಸೆಲ್ಲಾ ನೊವಿಸಿಡಾ ಎಂಬ ಬ್ಯಾಕ್ಟೀರಿಯಾ ಉಂಟು. ಮನುಷ್ಯರಿಗೆ ಇದು ರೋಗ ತರುವುದು ಅಪರೂಪ, ಇಲಿಗಳಿಗೆ ಮಾತ್ರ ಮಾರಕ. ಮೊಲಜ್ವರ ಎನ್ನುವ ಟುಲರೇಮಿಯಾ ತರುವ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿ. ಇದರ ವಿಶೇಷ ಏನೆಂದರೆ ಇದು ಅಡಗುವ ಜಾಗ. ನಮ್ಮ ದೇಹದಲ್ಲಿ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಬ್ಯಾಕ್ಟೀರಿಯಾವನ್ನು ನುಂಗಿ ಜೀರ್ಣಿಸ್ತವೆ. ಫೇಜ್ ಬೇರೆ, ಮ್ಯಾಕ್ರೊಫೇಜ್ ಬೇರೆ, ಹೆಸರು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಈ ಫ್ರಾನ್ಸಿಸೆಲ್ಲಾ ಮಾತ್ರ ನುಂಗಿಸಿಕೊಂಡ ಮೇಲೆ ಜೀರ್ಣವಾಗದೆ, ತಾನು ಕೂತ ಚೀಲವನ್ನು ಒಡೆದು ಹೊರಗೆ ಬಂದು, ಅದೇ ಜೀವಕೋಶದ ಒಳಗೆ ಸಂಸಾರ ಹೂಡ್ತದೆ. ಪೊಲೀಸ್ ಠಾಣೆಯೊಳಗೇ ಕಳ್ಳ ಮನೆ ಮಾಡಿದ ಹಾಗೆ.

ಆದರೆ ಚೀಲದೊಳಗೆ ಇರುವಷ್ಟು ಹೊತ್ತು ಒಂದು ಅಪಾಯ ಉಂಟು. ಮ್ಯಾಕ್ರೊಫೇಜಿನ ಚೀಲದ ಗೋಡೆಯಲ್ಲಿ ಟಿಎಲ್‌ಆರ್2 ಎಂಬ ಸೆನ್ಸರ್ ಕೂತಿರ್ತದೆ. ಬ್ಯಾಕ್ಟೀರಿಯಾದ ಮೈಮೇಲೆ ಇರುವ ಲಿಪೊಪ್ರೋಟೀನ್ ಎಂಬ ಕೊಬ್ಬು ಅಂಟಿದ ಪ್ರೋಟೀನುಗಳು ಅದಕ್ಕೆ ತಗಲಿದರೆ ಅಲಾರಂ. ಅಲಾರಂ ಆದರೆ ಇಡೀ ದೇಹಕ್ಕೆ ಸುದ್ದಿ ಹೋಗ್ತದೆ. ಹಾಗಾಗಿ ಕಳ್ಳ ಒಳಗೆ ಬಂದ ಕೂಡಲೇ ಲಿಪೊಪ್ರೋಟೀನ್ ಮಾಡುವುದನ್ನು ನಿಲ್ಲಿಸಬೇಕು. ಯಾರು ನಿಲ್ಲಿಸುವುದು?

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವೈಸ್ ಅವರ ತಂಡ 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು. ಮೊದಲ ಲೇಖಕ ಟಿಮೊತಿ ಸ್ಯಾಂಪ್ಸನ್. ಕ್ಯಾಸ್9 ಜೀನನ್ನು ತೆಗೆದು ಹಾಕಿದ ಫ್ರಾನ್ಸಿಸೆಲ್ಲಾದಲ್ಲಿ ಒಂದು ಲಿಪೊಪ್ರೋಟೀನಿನ ಉತ್ಪಾದನೆ ಸಿಕ್ಕಾಪಟ್ಟೆ ಏರಿತು. ಅಲಾರಂ ಹೊಡೆಯಿತು. ಅಂಥ ಬ್ಯಾಕ್ಟೀರಿಯಾ ಚುಚ್ಚಿದ ಇಲಿಗಳು ಸಾಯಲಿಲ್ಲ, ಮಾಮೂಲಿ ಬ್ಯಾಕ್ಟೀರಿಯಾ ಚುಚ್ಚಿದವು ಸತ್ತವು. ವೈರಸ್ಸನ್ನು ಕಡಿಯಬೇಕಾದ ಕತ್ತರಿ ಇಲ್ಲಿ ತನ್ನದೇ ಮನೆಯ ಒಂದು ಜೀನಿನ ಬಾಯಿ ಮುಚ್ಚಿಸ್ತಾ ಇತ್ತು. ಅದೂ ಸರಿಯಾಗಿ ಚೀಲದೊಳಗೆ ಇರುವ ಹೊತ್ತಿನಲ್ಲಿ. ಆ ಸಮಯಕ್ಕೆ ಕ್ಯಾಸ್9 ಮತ್ತು ಅದರ ಆರ್‌ಎನ್‌ಎಗಳು ಏರಿ, ಚೀಲ ಒಡೆದು ಹೊರಗೆ ಬಂದ ಮೇಲೆ ಮತ್ತೆ ಇಳಿಯುತ್ತವೆ.

ಇಲ್ಲಿ ಸಂಶಯ ಪಡಲು ಅವಕಾಶ ಉಂಟು. ಕ್ಯಾಸ್9 ತೆಗೆದದ್ದರಿಂದ ಬ್ಯಾಕ್ಟೀರಿಯಾ ಸುಮ್ಮನೆ ಬಡವಾಗಿರಬಹುದಲ್ವಾ? ಲಿಪೊಪ್ರೋಟೀನಿನಿಂದಲೇ ಅಂತ ಹೇಗೆ ಹೇಳುವುದು? ಅವರು ಮಾಡಿದ ಪರೀಕ್ಷೆ ನಮಗೆ ಬಹಳ ಹಿಡಿಸಿತು, ನಾವು ಸರ್ಕ್ಯೂಟ್ ಡೀಬಗ್ ಮಾಡುವ ಕ್ರಮವೇ ಅದು. ಕ್ಯಾಸ್9 ಇಲ್ಲದ ಬ್ಯಾಕ್ಟೀರಿಯಾದಿಂದ ಆ ಲಿಪೊಪ್ರೋಟೀನ್ ಜೀನನ್ನೂ ತೆಗೆದರು. ಎರಡು ಜೀನ್ ಕಳೆದುಕೊಂಡದ್ದು ಇನ್ನಷ್ಟು ಬಡವಾಗಬೇಕಿತ್ತು. ಆದರೆ ಅದಕ್ಕೆ ರೋಗ ತರುವ ಶಕ್ತಿ ವಾಪಸ್ ಬಂತು! ಅಲಾರಂ ಹೊಡೆಸುವ ವಸ್ತುವೇ ಇಲ್ಲದಿದ್ದರೆ ಅದನ್ನು ಅಡಗಿಸುವ ಕ್ಯಾಸ್9 ಯಾಕೆ ಬೇಕು?

ಇನ್ನೊಂದು ಫಲ ಕೂಡ ಸಿಕ್ಕಿತು. ಕ್ಯಾಸ್9 ಇಲ್ಲದ ಬ್ಯಾಕ್ಟೀರಿಯಾದ ಚುಚ್ಚುಮದ್ದು ಸಿಕ್ಕಿದ ಇಲಿಗಳು, ಮುಂದೆ ಅಸಲಿ ಬ್ಯಾಕ್ಟೀರಿಯಾ ಬಂದಾಗಲೂ ಬದುಕಿದವು. ಅಲಾರಂ ಹೊಡೆಯುತ್ತಾ ಒಳಗೆ ಬರುವ ಕಳ್ಳನನ್ನು ದೇಹ ಚೆನ್ನಾಗಿ ನೆನಪು ಇಟ್ಟುಕೊಳ್ತದೆ. ದುರ್ಬಲ ಮಾಡಿದ ಜೀವಂತ ಲಸಿಕೆ ಮಾಡುವವರಿಗೆ ಇದು ಒಂದು ದಾರಿ ತೋರಿಸಿತು.

ಕಡಿಯದೆ ಹೇಗೆ?

ಈಗ ಎಂಜಿನಿಯರಿಂಗ್ ಪ್ರಶ್ನೆಗೆ ಬರುವ. ಕ್ಯಾಸ್9 ಕತ್ತರಿ. ತನ್ನದೇ ಡಿಎನ್‌ಎಯ ಮೇಲೆ ಅದು ಕೂತರೆ ತನ್ನ ಕ್ರೋಮೊಸೋಮೇ ತುಂಡಾಗಿ ಬ್ಯಾಕ್ಟೀರಿಯಾ ಸಾಯಬೇಕು. ಸಾಯದೆ ಜೀನ್ ಮಾತ್ರ ಬಂದ್ ಆದದ್ದು ಹೇಗೆ?

2013ರಲ್ಲಿ ತಂಡದವರಿಗೆ ಅನಿಸಿದ್ದು, ಕ್ಯಾಸ್9 ಡಿಎನ್‌ಎಯ ತಂಟೆಗೆ ಹೋಗದೆ ಜೀನಿನಿಂದ ಬಂದ ಸಂದೇಶವಾಹಕ ಆರ್‌ಎನ್‌ಎಯನ್ನು ಹಿಡಿದು ನಾಶ ಮಾಡ್ತಿರಬೇಕು ಅಂತ. 2019ರಲ್ಲಿ ಅದೇ ಪ್ರಯೋಗಾಲಯದಿಂದ ‘ಮಾಲಿಕ್ಯುಲರ್ ಸೆಲ್’ನಲ್ಲಿ ಬಂದ ಕೆಲಸ ಚಿತ್ರವನ್ನು ಬದಲಿಸಿತು. ಕ್ಯಾಸ್9 ಹೋಗಿ ಕೂರುವುದು ಡಿಎನ್‌ಎಯ ಮೇಲೆಯೇ. ಆದರೆ ಅದರ ಕೈಯಲ್ಲಿ ಈಗ ಬೇರೆ ಚೀಟಿ. ಸ್ಕಾ ಆರ್‌ಎನ್‌ಎ ಎಂದು ಅದಕ್ಕೆ ಹೆಸರು. ಈ ಚೀಟಿಯ ವಿಳಾಸ ಅರೆಬರೆ. ಜೀನಿನ ಪಕ್ಕದ ಡಿಎನ್‌ಎಗೆ ಇದು ಪೂರ್ತಿ 20 ಅಕ್ಷರ ಹೊಂದುವುದಿಲ್ಲ, ಶುರುವಿನ ಕೆಲವು ಅಕ್ಷರ ಮಾತ್ರ ಹೊಂದುತ್ತವೆ. ಕೂರಲು ಅಷ್ಟು ಸಾಕು. ಕಡಿಯಲು ಅಷ್ಟು ಸಾಲದು. ಕ್ಯಾಸ್9ರ ಎರಡು ಅಲಗುಗಳು ಕಡಿಯುವ ಸ್ಥಾನಕ್ಕೆ ತಿರುಗಬೇಕಾದರೆ ಚೀಟಿಯ ಉದ್ದಕ್ಕೂ ಚೆನ್ನಾಗಿ ಹೊಂದಬೇಕು. ಹೊಂದದಿದ್ದರೆ ಅದು ಕತ್ತರಿ ಬಾಯಿ ತೆರೆದುಕೊಂಡೇ ಸುಮ್ಮನೆ ಕೂತಿರ್ತದೆ.

ಹಾಗೆ ಕೂತರೆ ಏನಾಗ್ತದೆ ಎಂದು ಬಿ.ಸಿ.ರೋಡಿನವರಿಗೆ ವಿವರಿಸುವ ಅಗತ್ಯ ಇಲ್ಲ. ಹೆದ್ದಾರಿಯಲ್ಲಿ ಒಂದು ಲಾರಿ ಕೆಟ್ಟು ನಿಲ್ಲಲಿ. ರಸ್ತೆ ಒಡೆದಿಲ್ಲ, ಸೇತುವೆ ಮುರಿದಿಲ್ಲ, ಲಾರಿಯೂ ಯಾರಿಗೂ ಗುದ್ದಿಲ್ಲ. ಆದರೂ ಹಿಂದಿನ ಬಸ್ಸು ಮುಂದೆ ಹೋಗುವುದಿಲ್ಲ ಮಾರಾಯ್ರೆ. ಜೀನನ್ನು ಓದಲು ಹೊರಟ ಆರ್‌ಎನ್‌ಎ ಪಾಲಿಮರೇಸ್ ಎಂಬ ಯಂತ್ರ ಆ ಬಸ್ಸು, ಕ್ಯಾಸ್9 ಆ ಲಾರಿ. ಲಾರಿ ತೆಗೆದರೆ ಮತ್ತೆ ಓಡಾಟ ಶುರು, ರಸ್ತೆಗೆ ಏನೂ ಆಗಿಲ್ಲ. ರಿಪೇರಿ ಬೇಡದ ಆನ್-ಆಫ್ ಸ್ವಿಚ್ಚು ಅಂದರೆ ಇದೇ. ಹೀಗೆ ಫ್ರಾನ್ಸಿಸೆಲ್ಲಾದ ಕ್ಯಾಸ್9 ಅಡಗಿಸುವುದು ಬರೀ ನಾಲ್ಕು ಜೀನುಗಳನ್ನು. ಚೀಟಿಯ ಹೊಂದಾಣಿಕೆಯನ್ನು ಪ್ರಯೋಗಾಲಯದಲ್ಲಿ ಉದ್ದ ಮಾಡಿದರೆ ಅದೇ ಕ್ಯಾಸ್9 ಅದೇ ಜಾಗದಲ್ಲಿ ಕಡಿದೇ ಬಿಡ್ತದೆ. ಒಂದೇ ಯಂತ್ರ, ಚೀಟಿಯ ಉದ್ದ ನೋಡಿಕೊಂಡು ಎರಡು ಕೆಲಸ.

ಇದರಲ್ಲಿ ಒಂದು ತಮಾಷೆ ಉಂಟು. 2013ರಲ್ಲೇ ಸ್ಟ್ಯಾನ್ಲಿ ಚಿ ಮತ್ತು ಜೊತೆಗಾರರು ಕ್ಯಾಸ್9ರ ಎರಡೂ ಅಲಗುಗಳನ್ನು ಮೊಂಡು ಮಾಡಿ, ಕಡಿಯದೆ ಬರೀ ಅಡ್ಡ ಕೂರುವ ಡಿಕ್ಯಾಸ್9 ಎಂಬುದನ್ನು ತಯಾರಿಸಿ ಜೀನ್‌ಗಳನ್ನು ಬಂದ್ ಮಾಡಿ ತೋರಿಸಿದರು. ದೊಡ್ಡ ಎಂಜಿನಿಯರಿಂಗ್ ಸಾಧನೆ ಎಂದು ಎಲ್ಲರೂ ಮೆಚ್ಚಿದರು, ಮೆಚ್ಚಬೇಕಾದ್ದೇ. ಆದರೆ ಬ್ಯಾಕ್ಟೀರಿಯಾ ಅಲಗು ಮೊಂಡು ಮಾಡದೆ, ಚೀಟಿ ಮಾತ್ರ ಗಿಡ್ಡ ಮಾಡಿ, ಇದನ್ನು ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಿತ್ತು. ಹಾರ್ಡ್‌ವೇರ್ ಮುಟ್ಟದೆ ಇನ್‌ಪುಟ್ ಬದಲಿಸಿ ಕೆಲಸ ಮುಗಿಸಿದ್ದು ಅದು.

ಸ್ವಲ್ಪ ಲೆಕ್ಕ

ಫ್ರಾನ್ಸಿಸೆಲ್ಲಾ ಒಂದೇ ಆಗಿದ್ದರೆ ಇದನ್ನೊಂದು ವಿಚಿತ್ರ ಎಂದು ಬಿಡಬಹುದಿತ್ತು. 2021ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಜೋಶುವಾ ಮೊಡೆಲ್ ಅವರ ತಂಡ ಸ್ಟ್ರೆಪ್ಟೊಕಾಕಸ್ ಪಯೊಜೆನೆಸ್‌ನಲ್ಲಿ ಅದೇ ತಂತ್ರವನ್ನು ಕಂಡಿತು. ಇದು ಗಂಟಲು ನೋವು ತರುವ, ಕೆಲವು ಮಕ್ಕಳಲ್ಲಿ ಮುಂದೆ ಹೃದಯದ ಕವಾಟ ಕೆಡಿಸುವ ಬ್ಯಾಕ್ಟೀರಿಯಾ. ಜಗತ್ತಿನ ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸುವ ಕ್ಯಾಸ್9 ಬಂದದ್ದೂ ಇದರಿಂದಲೇ. ಇಲ್ಲಿ ಟ್ರೇಸರ್ ಆರ್‌ಎನ್‌ಎಯ ಒಂದು ಉದ್ದದ ರೂಪ ತಾನೇ ಕ್ಲಿಪ್ಪೂ ಆಗಿ ತಾನೇ ಚೀಟಿಯೂ ಆಗ್ತದೆ. ಅದರ 11 ಅಕ್ಷರದ ವಿಳಾಸ ಕ್ಯಾಸ್9ನ್ನು ಕರೆದೊಯ್ಯುವುದು ಕ್ಯಾಸ್9ರದೇ ಜೀನಿನ ಬಾಗಿಲಿಗೆ. ಅಂದ್ರೆ ಕತ್ತರಿ ತನ್ನದೇ ಉತ್ಪಾದನೆಯನ್ನು ತಾನೇ ಕಡಿಮೆ ಇಡ್ತದೆ, ಪಕ್ಕಾ ನೆಗೆಟಿವ್ ಫೀಡ್‌ಬ್ಯಾಕ್. ಆ ಉದ್ದದ ರೂಪ ತೆಗೆದರೆ ಹೊಸ ವೈರಸ್ಸಿನ ಫೋಟೋ ಹಿಡಿಯುವ ವೇಗ 3,000 ಪಟ್ಟು ಏರಿತು. ಅಷ್ಟು ಒಳ್ಳೆಯದಾದರೆ ಯಾಕೆ ತಡೆದು ಇಟ್ಟಿದೆ? ಕತ್ತರಿ ಜಾಸ್ತಿ ಆದರೆ ಸ್ವಂತ ಡಿಎನ್‌ಎಗೂ ಪೆಟ್ಟು. ನಮ್ಮಲ್ಲಿ ರೋಗನಿರೋಧಕ ಶಕ್ತಿ ಕೆರಳಿ ತನ್ನ ಕೀಲುಗಳನ್ನೇ ತಿನ್ನುವ ಹಾಗೆ.

11 ಅಕ್ಷರ ಸಾಕಾ ಎಂದು ನೀವು ಕೇಳಬಹುದು. ಲೆಕ್ಕ ಹಾಕುವ. ಡಿಎನ್‌ಎಯಲ್ಲಿ ನಾಲ್ಕು ಅಕ್ಷರ. 11 ಅಕ್ಷರದ ವಿಳಾಸ 4ರ 11ನೇ ಘಾತ, ಅಂದರೆ 41,94,304 ಬಗೆ. ಪಯೊಜೆನೆಸ್‌ನ ಜೀನೋಮ್ ಸುಮಾರು 18 ಲಕ್ಷ ಅಕ್ಷರ, ಎರಡೂ ಎಳೆ ಸೇರಿ 36 ಲಕ್ಷ ಜಾಗ. ಒಂದು ವಿಳಾಸ ಆಕಸ್ಮಿಕವಾಗಿ ಸಿಗುವ ಸರಾಸರಿ ಸಂಖ್ಯೆ 0.86. ಇದಕ್ಕೆ ಪಕ್ಕದಲ್ಲಿ ಎರಡು ‘ಜಿ’ ಇರಬೇಕು ಎಂಬ ಶರತ್ತು ಸೇರಿಸಿದರೆ 16ರಿಂದ ಭಾಗಿಸಬೇಕು, ಬಂದದ್ದು ಸುಮಾರು 0.05. ಅಂದರೆ ತಪ್ಪು ಮನೆಯ ಬಾಗಿಲು ಬಡಿಯುವ ಸಂಭವ ಇಪ್ಪತ್ತರಲ್ಲಿ ಒಂದು. ಬ್ಯಾಕ್ಟೀರಿಯಾದಷ್ಟು ಸಣ್ಣ ಊರಿಗೆ ಗಿಡ್ಡ ವಿಳಾಸ ಧಾರಾಳ ಸಾಕು. ಮನುಷ್ಯನ ಜೀನೋಮ್ 320 ಕೋಟಿ ಅಕ್ಷರ. ಅದೇ ಲೆಕ್ಕದಲ್ಲಿ ಅಲ್ಲಿ ಸುಮಾರು 95 ಮನೆಗಳಿಗೆ ಅದೇ ವಿಳಾಸ. ನಾಲ್ಕು ಅಕ್ಷರಗಳೂ ಸಮಸಮ ಇವೆ ಎಂದು ಇಲ್ಲಿ ಇಟ್ಟುಕೊಂಡಿದ್ದೇವೆ. ಈ ಬ್ಯಾಕ್ಟೀರಿಯಾದಲ್ಲಿ ‘ಜಿ’, ‘ಸಿ’ ಕಡಿಮೆ, ಹಾಗಾಗಿ ನಿಖರ ಸಂಖ್ಯೆ ಸ್ವಲ್ಪ ಆಚೀಚೆ ಆಗ್ತದೆ. ನಮ್ಮ ವಾದಕ್ಕೆ ಅಷ್ಟು ಸಾಕು.

ಎಲ್ಲವನ್ನೂ ನಂಬಬೇಡಿ

ಒಂದು ಚಂದದ ಕಥೆ ಸಿಕ್ಕಿದ ಮೇಲೆ ಎಲ್ಲಾ ಕಡೆ ಅದನ್ನೇ ಕಾಣುವ ಚಾಳಿ ಉಂಟು. ಆಸ್ಪತ್ರೆಗಳಲ್ಲಿ ಕಾಟ ಕೊಡುವ ಸ್ಯೂಡೊಮೊನಾಸ್ ಎರುಜಿನೋಸಾ ಇದಕ್ಕೆ ಒಳ್ಳೆಯ ಉದಾಹರಣೆ. ಡಿಎಂಎಸ್3 ಎಂಬ ಫೇಜ್ ಇದರ ಜೀನೋಮಿನೊಳಗೆ ಸೇರಿಕೊಂಡಾಗ ಬ್ಯಾಕ್ಟೀರಿಯಾ ಬಯೋಫಿಲ್ಮ್ ಕಟ್ಟುವುದನ್ನು ಬಿಡ್ತದೆ ಮತ್ತು ಇದಕ್ಕೆ ಕ್ರಿಸ್ಪರ್ ಬೇಕು ಎಂದು 2009ರಲ್ಲಿ ತಿಳಿಯಿತು. ಬಯೋಫಿಲ್ಮ್ ಅಂದರೆ ಬ್ಯಾಕ್ಟೀರಿಯಾಗಳು ಒಟ್ಟಾಗಿ ಅಂಟು ಸುರಿಸಿ ಕಟ್ಟುವ ಪದರ, ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಿಡಿಯುವ ಲೋಳೆಯ ಹಾಗೆ. ಕ್ರಿಸ್ಪರ್ ಬಯೋಫಿಲ್ಮ್ ಜೀನುಗಳನ್ನು ನಿಯಂತ್ರಿಸ್ತದೆ ಎನ್ನಲು ಇದು ಸಾಕಲ್ವಾ? ಸಾಲದು. 2015ರಲ್ಲಿ ಗೊತ್ತಾದ ಪ್ರಕಾರ ಅಲ್ಲಿ ನಡೆಯುವುದು ನಾಜೂಕಿನ ನಿಯಂತ್ರಣ ಅಲ್ಲ. ಒಳಗೆ ಸೇರಿದ ಫೇಜಿನ ಜೀನಿಗೆ ಚೀಟಿ ಅರೆಬರೆ ಹೊಂದಿ, ಸ್ವಂತ ಡಿಎನ್‌ಎಗೆ ಪೆಟ್ಟು ಬಿದ್ದು, ಫೇಜ್ ಸಂಬಂಧಿ ಜೀನುಗಳು ಎದ್ದು, ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ಸಾಯ್ತವೆ. ಸತ್ತವರು ಬಯೋಫಿಲ್ಮ್ ಎಲ್ಲಿಂದ ಕಟ್ಟುವುದು? ಸ್ವಿಚ್ಚು ಆಫ್ ಆದದ್ದಕ್ಕೂ ಫ್ಯೂಸ್ ಸುಟ್ಟದ್ದಕ್ಕೂ ಹೊರಗಿನಿಂದ ನೋಡಿದರೆ ಬಲ್ಬು ಉರಿಯದ್ದು ಒಂದೇ.

ಹಾಗಾಗಿ ಇನ್ನುಳಿದ ಸುದ್ದಿಗಳನ್ನು ಈ ಕಣ್ಣಿನಿಂದಲೇ ಓದಬೇಕು. ಲೀಜಿಯೊನೆಲ್ಲಾ ಎಂಬ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಕ್ಕೆ ಅಮೀಬಾದೊಳಗೆ ಬೆಳೆಯಲು ಕ್ಯಾಸ್2 ಬೇಕು, ಮ್ಯಾಕ್ರೊಫೇಜಿನೊಳಗೆ ಬೆಳೆಯಲು ಬೇಡ. ಕೋಳಿಯಿಂದ ಬರುವ ಕ್ಯಾಂಪಿಲೊಬ್ಯಾಕ್ಟರ್‌ನ ಕೆಲವು ತಳಿಗಳಲ್ಲಿ ಕ್ಯಾಸ್9 ತೆಗೆದರೆ ರೋಗ ತರುವ ಶಕ್ತಿ ಕುಗ್ತದೆ. ನಮ್ಮ ದೇಶದ್ದೇ ಒಂದು ಕೆಲಸವೂ ಉಂಟು. ಪಿಲಾನಿಯ ಬಿಟ್ಸ್ ಸಂಸ್ಥೆಯ ತಂಡ ಸಾಲ್ಮೊನೆಲ್ಲಾ ಟೈಫಿಮ್ಯುರಿಯಮ್‌ನಲ್ಲಿ ಕ್ರಿಸ್ಪರ್ ಭಾಗಗಳನ್ನು ತೆಗೆದು 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಪಾತ್ರೆಯ ಗೋಡೆಗೆ ಅಂಟುವ ಬಯೋಫಿಲ್ಮ್ ಕಡಿಮೆ ಆಯಿತು, ದ್ರವದ ಮೇಲೆ ಹಾಲಿನ ಕೆನೆಯ ಹಾಗೆ ಕಟ್ಟುವ ಬಯೋಫಿಲ್ಮ್ ಜಾಸ್ತಿ ಆಯಿತು. ಒಂದೇ ವ್ಯವಸ್ಥೆ ಒಂದಕ್ಕೆ ಒತ್ತಾಸೆ, ಇನ್ನೊಂದಕ್ಕೆ ತಡೆ. ಬ್ಯಾಕ್ಟೀರಿಯಾ ಸುಮ್ಮನೆ ಬಡವಾಗಿದ್ದರೆ ಎರಡೂ ಕಡಿಮೆ ಆಗಬೇಕಿತ್ತು. ಈ ಕಾರಣಕ್ಕೆ ನಮಗೆ ಇದು ಗಟ್ಟಿ ಸುಳಿವು ಅನಿಸ್ತದೆ.

ಕಳ್ಳನ ಕತ್ತರಿ ನಮ್ಮ ಕೈಯಲ್ಲಿ

ಫ್ರಾನ್ಸಿಸೆಲ್ಲಾದ ಕ್ಯಾಸ್9 ನಮ್ಮ ದೇಶದಲ್ಲಿ ಇನ್ನೊಂದು ವೇಷದಲ್ಲಿ ಬಂದಿದೆ. ಕೋವಿಡ್ ಕಾಲದಲ್ಲಿ ‘ಫೆಲುದಾ’ ಎಂಬ ಪೇಪರ್ ಪಟ್ಟಿಯ ಪರೀಕ್ಷೆ ಕೇಳಿದ್ದೀರಾ? ದೆಹಲಿಯ ಸಿಎಸ್‌ಐಆರ್-ಐಜಿಐಬಿ ಸಂಸ್ಥೆಯಲ್ಲಿ ದೇಬಜ್ಯೋತಿ ಚಕ್ರವರ್ತಿ ಮತ್ತು ಸೌವಿಕ್ ಮೈತಿ ಅವರ ತಂಡ ಮಾಡಿದ್ದು. ಸತ್ಯಜಿತ್ ರೇ ಅವರ ಪತ್ತೇದಾರನ ಹೆಸರು ಅದಕ್ಕೆ. ಟಾಟಾ ಗುಂಪಿನ ಜೊತೆ ಸೇರಿ ತಯಾರಿಸಿದ ಆ ಪರೀಕ್ಷೆಗೆ 2020ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಅದರೊಳಗೆ ಪತ್ತೇದಾರಿ ಕೆಲಸ ಮಾಡಿದ್ದು ಇದೇ ಫ್ರಾನ್ಸಿಸೆಲ್ಲಾ ನೊವಿಸಿಡಾದ ಕ್ಯಾಸ್9. ಇದನ್ನೇ ಆರಿಸಲು ಕಾರಣ ಅದರ ಹಠ. ವಿಳಾಸದಲ್ಲಿ ಒಂದೆರಡು ಅಕ್ಷರ ತಪ್ಪಿದರೂ ಅದು ಒಪ್ಪುವುದಿಲ್ಲ. 1,629 ಅಮೈನೊ ಆಮ್ಲಗಳ ದೊಡ್ಡ ಪ್ರೋಟೀನು, ಪಯೊಜೆನೆಸ್‌ನದ್ದು 1,368. ಅರೆಬರೆ ಹೊಂದಿದರೆ ಕಡಿಯದೆ ಇರುವ ಗುಣ ಇಲಿಯೊಳಗೆ ಅಡಗಲು ಆ ಬ್ಯಾಕ್ಟೀರಿಯಾಕ್ಕೆ ಬೇಕಿತ್ತು, ಒಂದಕ್ಷರದ ವ್ಯತ್ಯಾಸ ಹಿಡಿಯಲು ನಮಗೆ ಬೇಕಾಯಿತು. ಒಂದೇ ಅಕ್ಷರ ತಪ್ಪಿ ಬರುವ ಸಿಕಲ್ ಸೆಲ್ ರಕ್ತಹೀನತೆಯ ಚಿಕಿತ್ಸೆಗೂ ಈ ಪ್ರೋಟೀನನ್ನು ಹದ ಮಾಡುವ ಕೆಲಸ ಅದೇ ಸಂಸ್ಥೆಯಲ್ಲಿ ನಡೆದಿದೆ.

ಇನ್ನು ನಮ್ಮ ಇಲಿ ಜ್ವರದ ಬ್ಯಾಕ್ಟೀರಿಯಾ. ಲೆಪ್ಟೊಸ್ಪೈರಾದ ರೋಗಕಾರಿ ಪ್ರಭೇದಗಳಲ್ಲಿ ಜೀನ್ ತೆಗೆದು ನೋಡುವುದೇ ದೊಡ್ಡ ತಲೆನೋವು. ನಿಧಾನವಾಗಿ ಬೆಳೀತದೆ, ಹೊರಗಿನ ಡಿಎನ್‌ಎಯನ್ನು ಸುಲಭದಲ್ಲಿ ಒಳಗೆ ಬಿಡುವುದಿಲ್ಲ. ಈ ಮೊಂಡುತನಕ್ಕೆ ಅದರ ಕ್ರಿಸ್ಪರ್ ಒಂದು ಕಾರಣ ಇರಬಹುದು ಎಂದು 2016ರ ಆ ಹೋಲಿಕೆ ಮಾಡಿದವರೇ ಊಹಿಸಿದ್ದರು. ಬ್ರೆಜಿಲಿನ ಸಾವೊ ಪಾಲೊದ ಬುಟಾಂಟಾನ್ ಸಂಸ್ಥೆಯ ಸಂಶೋಧಕರು 2019ರಿಂದ ಇದಕ್ಕೆ ಒಂದು ಉಪಾಯ ಮಾಡಿದ್ದಾರೆ. ಮೊಂಡು ಮಾಡಿದ ಡಿಕ್ಯಾಸ್9ನ್ನು ಹೊರಗಿನಿಂದ ಲೆಪ್ಟೊಸ್ಪೈರಾದೊಳಗೆ ಹಾಕಿ, ಬೇಕಾದ ಜೀನಿನ ಮೇಲೆ ಲಾರಿ ನಿಲ್ಲಿಸುವುದು. ರೋಗಕ್ಕೆ ಸಂಬಂಧ ಪಟ್ಟವು ಎಂದು ಬಹಳ ಕಾಲದಿಂದ ಸಂಶಯ ಇರುವ ಲಿಗ್‌ಎ, ಲಿಗ್‌ಬಿ ಎಂಬ ಮೇಲ್ಮೈ ಪ್ರೋಟೀನುಗಳನ್ನು ಈ ದಾರಿಯಲ್ಲಿ ಬಂದ್ ಮಾಡಲು ಸಾಧ್ಯವಾಗಿದೆ. ಅಂದರೆ ಫ್ರಾನ್ಸಿಸೆಲ್ಲಾದಲ್ಲಿ ಮಾಡಿದ ಬಗೆಯ ಪರೀಕ್ಷೆಯನ್ನು ಇಲ್ಲೂ ಮಾಡುವ ಉಪಕರಣ ಈಗ ಉಂಟು.

ಲೆಪ್ಟೊಸ್ಪೈರಾದ ಸ್ವಂತ ಕ್ರಿಸ್ಪರ್‌ನಲ್ಲಿ ಕ್ಯಾಸ್9 ಇಲ್ಲ. ಒಂದೇ ಕತ್ತರಿಯ ಬದಲು ಹಲವು ಪ್ರೋಟೀನುಗಳು ಸೇರಿ ಚೀಟಿ ಹಿಡಿದುಕೊಂಡು ಹೋಗುವ ಬಗೆ ಅದು. ಹಾಗಾಗಿ ಗಿಡ್ಡ ಚೀಟಿಯ ಉಪಾಯ ಅಲ್ಲೂ ನಡೀತದೆ ಎಂದು ಹೇಳುವ ಹಾಗಿಲ್ಲ. ಆದರೆ ಮೊದಲ ಹೆಜ್ಜೆಗೆ ಪ್ರಯೋಗಾಲಯ ಬೇಡ, ಒಂದು ಲ್ಯಾಪ್‌ಟಾಪ್ ಸಾಕು. ಲೆಪ್ಟೊಸ್ಪೈರಾ ಇಂಟರೊಗನ್ಸ್‌ನ ಜೀನೋಮ್ ಎರಡು ಕ್ರೋಮೊಸೋಮುಗಳಲ್ಲಿ ಸುಮಾರು 46 ಲಕ್ಷ ಅಕ್ಷರ, ಎನ್‌ಸಿಬಿಐ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರ ಆಲ್ಬಮಿನ ಒಂದೊಂದು ಫೋಟೋವನ್ನೂ ತೆಗೆದು, ಅದರ ಮೊದಲ 9, 10, 11 ಅಕ್ಷರಗಳು ಅದೇ ಜೀನೋಮಿನಲ್ಲಿ ಬೇರೆ ಎಲ್ಲಿ ಬರ್ತವೆ, ಅದು ಯಾವ ಜೀನಿನ ಬಾಗಿಲ ಹತ್ತಿರ ಎಂದು ಹುಡುಕಬೇಕು. ಎರಡೂ ಎಳೆ ನೋಡಲು ಮರೆಯಬೇಡಿ. ಸಿಕ್ಕಿದ ಸಂಖ್ಯೆಯನ್ನು ಅಕ್ಷರಗಳನ್ನು ಕಲಸಿ ಮಾಡಿದ ಸುಳ್ಳು ಜೀನೋಮಿನ ಸಂಖ್ಯೆಯೊಂದಿಗೆ ಹೋಲಿಸಿ, ಇಲ್ಲದಿದ್ದರೆ ಆಕಸ್ಮಿಕ ಯಾವುದು, ಅಸಲಿ ಯಾವುದು ಗೊತ್ತಾಗುವುದಿಲ್ಲ. ಪೈಥಾನ್ ಗೊತ್ತಿದ್ದವರಿಗೆ ಒಂದು ಸಂಜೆಯ ಕೆಲಸ. ನಮ್ಮಲ್ಲಿ ಮೂವರು ಕೋಡ್ ಬರೆಯಲು ಶುರು ಮಾಡಿದ್ದೇವೆ, ಸೇರಲು ಮನಸ್ಸಿದ್ದವರು ಶನಿವಾರ ಕನ್ನಡ ಸಂಘದ ಕೋಣೆಗೆ ಬನ್ನಿ, ಬರುವಾಗ ಚಾರ್ಜರ್ ತನ್ನಿ.